ಟರ್ಬೊ ಮತ್ತು ಚಿಕ್ಕಪ್ಪನ ಅತ್ತೆ

ಕಾರು ಏರು ಹತ್ತತೊಡಗಿದೊಡನೆ ನನ್ನ ಎಡಗೈ ನನ್ನನ್ನು ಕೇಳದೆಯೇ ಬಾಗಿಲ ಹಿಡಿಯ ಮೇಲೆ ಹೋಗಿ ಕೂರುತ್ತದೆ. ಬೆಟ್ಟದ ದಾರಿಯೇ ಆಗಬೇಕೆಂದಿಲ್ಲ, ಊರೊಳಗಿನ ಮೇಲ್ಸೇತುವೆಯಾದರೂ ಸಾಕು. ಇಳಿಯುತ್ತೀರಾ ಎಂದು ಕಾರು ಓಡಿಸುವವರು ಗಾಬರಿಯಿಂದ ಕೇಳಿದಾಗ, ಗಾಜು ಇಳಿಸಲು ಹೊರಟಿದ್ದೆ ಎಂದು ಸುಳ್ಳು ಹೇಳಿ ಕೈಯನ್ನು ಮಡಿಲಿಗೆ ತಂದುಕೊಳ್ಳುತ್ತೇನೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಣ್ಣಿಗೆ ಕಂಡದ್ದನ್ನೂ ಸಂಶಯಿಸಬೇಕೆಂದು ಕೋಲಾರದ ಕಾಲೇಜಿನಲ್ಲಿ ಹುಡುಗರಿಗೆ ಬೋಧಿಸಿದವನು ನಾನು. ಆ ವಿದ್ಯೆ ತಲೆಯವರೆಗೆ ಹೋಗಿ ಅಲ್ಲೇ ನಿಂತಿದೆ, ಕೈಗಿನ್ನೂ ಇಳಿದಿಲ್ಲ.

ಕೈಗೆ ಈ ಪಾಠ ಕಲಿಸಿದ್ದು ತೊಂಬತ್ತರ ದಶಕದಲ್ಲಿ ನಮ್ಮ ವೆಂಕಟರಾಮು ಚಿಕ್ಕಪ್ಪ ಇಟ್ಟುಕೊಂಡಿದ್ದ ಅಂಬಾಸಿಡರ್ ಕಾರು. ಚಿಕ್ಕಪ್ಪ ಮುಳಬಾಗಿಲಿನಲ್ಲಿ ವ್ಯಾಪಾರಸ್ಥರ ಲೆಕ್ಕ ಬರೆಯುತ್ತಿದ್ದವರು. ಜೀವನದಲ್ಲಿ ಅವರು ಲೆಕ್ಕ ಹಾಕದೆ ಮಾಡಿದ ಕೆಲಸವೆಂದರೆ ಈ ಕಾರನ್ನು ಕೊಂಡದ್ದೊಂದೇ. ಅದರ ಪೆಟ್ರೋಲ್ ಎಂಜಿನ್ ಸಮತಟ್ಟು ನೆಲದಲ್ಲಿ ಸಂಸಾರಿ, ಏರಿನಲ್ಲಿ ಸನ್ಯಾಸಿ: ಎಲ್ಲವನ್ನೂ ತ್ಯಜಿಸಲು ಸಿದ್ಧ, ಮೊಟ್ಟಮೊದಲಿಗೆ ಪ್ರಯಾಣಿಕರನ್ನು. ಚಿಕ್ಕಮ್ಮನ ತವರು ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ಆಚೆ, ಆಂಧ್ರದ ಗಡಿಯಲ್ಲಿತ್ತು. ಹೋಗುವಾಗ ಇಳಿಜಾರು, ಆದ್ದರಿಂದ ನಗುನಗುತ್ತಾ ಹೋಗುತ್ತಿದ್ದೆವು. ಬರುವಾಗ ಅದೇ ಇಳಿಜಾರು ಏರಾಗಿ ಕಾದಿರುತ್ತಿತ್ತು. ಅದರ ಬುಡದಲ್ಲೊಂದು ಹುಣಿಸೆಮರ. ಹುಣಿಸೆಯಲ್ಲ, ಹೊಂಗೆ ಎನ್ನುತ್ತಾರೆ ಪದ್ಮ ಚಿಕ್ಕಮ್ಮ. ನನ್ನ ನೆನಪಿನ ಮೇಲೆ ನನಗೇ ಅಂಥ ವಿಶ್ವಾಸವಿಲ್ಲವಾದ್ದರಿಂದ ಮರ ಎಂದಷ್ಟೇ ಹೇಳುವೆ. ಚಿಕ್ಕಪ್ಪ ಆ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದರು, ಬಾಯಿಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ, ನಾವು ಇಳಿಯುತ್ತಿದ್ದೆವು. ಮೊದಲು ನಾನು, ನನ್ನ ಹಿಂದೆ ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳು, ಆಮೇಲೆ ಚಿಕ್ಕಮ್ಮ. ಹಗುರಾದ ಕಾರು ಏದುಸಿರು ಬಿಡುತ್ತಾ ನೆತ್ತಿಗೆ ಹೋಗಿ ನಮಗಾಗಿ ಕಾಯುತ್ತಿತ್ತು. ಚಪ್ಪಲಿ ಬಿಟ್ಟು ದೇವಸ್ಥಾನದ ಒಳಗೆ ಹೋಗುವಷ್ಟೇ ಸಹಜವಾಗಿತ್ತು ನಮಗೆ ಈ ಪದ್ಧತಿ.

ಸಹಜವಲ್ಲದ್ದು ಚಿಕ್ಕಪ್ಪನ ಅತ್ತೆ ಕಾಮಾಕ್ಷಮ್ಮನವರಿಗೆ. ಒಮ್ಮೆ ಮೊಮ್ಮಗಳ ನಾಮಕರಣಕ್ಕೆಂದು ಅಳಿಯನ ಕಾರಿನಲ್ಲಿ ಹೊರಟವರು, ರೇಷ್ಮೆ ಸೀರೆಯುಟ್ಟು, ಬಾಗಿನದ ತಟ್ಟೆಯನ್ನು ತಲೆಯ ಮೇಲೆ ಹೊತ್ತು ಆ ಏರನ್ನು ನಡೆದು ಹತ್ತಬೇಕಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿದ ಮೇಲೆ ಅವರು ಶಾಂತವಾಗಿ ಪ್ರಕಟಿಸಿದರಂತೆ: "ಅಳಿಯಗಾರು ನನ್ನನ್ನ ಇಳೀ ಅನ್ನದೆ ಆ ಏರು ಹತ್ತಿಸಿದ ದಿನ ಇನ್ನೊಂದ್ಸಾರಿ ಈ ಮನೇಗೆ ಬರ್ತೀನಿ. ಬಸ್ಸಲ್ಲೂ ಬರಲ್ಲ." ಅಲ್ಲಿಂದಾಚೆ ಅವರು ಬರಲೇ ಇಲ್ಲ. ದೀಪಾವಳಿಗಳು ಕಳೆದವು, ಮಾವಿನ ಸುಗ್ಗಿಗಳು ಕಳೆದವು, ಬುಟ್ಟಿ ಬುಟ್ಟಿ ಮಾವು ಬಸ್ಸಿನ ಮೇಲೆ ಬಂತು, ಕಾಮಾಕ್ಷಮ್ಮ ಬರಲಿಲ್ಲ. ಚಿಕ್ಕಪ್ಪ ಹೊಸ ಮನೆ ಕಟ್ಟಿಸಿದಾಗ ಚಿಕ್ಕಮ್ಮ ತಾಯಿಗೆ ತಕ್ಕ ಮಗಳಾಗಿ ಒಂದೇ ಮಾತು ಹೇಳಿದರು: "ಅಮ್ಮ ಬರ್ದೆ ಒಲೆ ಮೇಲೆ ಹಾಲಿಡಲ್ಲ, ಕಣ್ರೀ."

ಇಬ್ಬರು ಹೆಂಗಸರ ಹಟಗಳ ನಡುವೆ ಸಿಕ್ಕಿಕೊಂಡ ಚಿಕ್ಕಪ್ಪನಿಗೆ ಎಂಜಿನ್ನನ್ನು ಬದಲಿಸುವುದೇ ಸುಲಭವಾಗಿ ಕಂಡಿತು. ಆಗೆಲ್ಲ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ಮುದುಕರಿಗೆ ಹಲ್ಲಿನ ಸೆಟ್ಟು ಕಟ್ಟಿಸುವಷ್ಟೇ ಸಾಮಾನ್ಯ ಸಂಗತಿ. ಮುಳಬಾಗಿಲಿನ ಮೆಕ್ಯಾನಿಕ್ ನಯಾಜ್, ಕೈ ಮತ್ತು ನಾಲಗೆ ಏಕಕಾಲಕ್ಕೆ ಓಡುವ ಮನುಷ್ಯ, ಬರೀ ಡೀಸೆಲ್ ಆ ಏರಿಗೆ ಸಾಲದೆಂದೂ, ಎಂಜಿನ್ ಹೇಗೂ ಹೊರಗೆ ಬಂದಿರುವಾಗ ಒಂದು ಟರ್ಬೊ ಸೇರಿಸಿಬಿಡಬೇಕೆಂದೂ ಹೇಳಿದ. ಎಷ್ಟು ಕಾರಿಗೆ ಹಾಕಿದ್ದೀಯಪ್ಪ ಎಂದು ನಾನು ಕೇಳಿದ್ದಕ್ಕೆ, "ಇದು ಆದ್ರೆ ಒಂದಾಗುತ್ತೆ ಸಾರ್" ಎಂದ. ಸಂಶಯವಾದಿಗೆ ಇಷ್ಟು ಪ್ರಾಮಾಣಿಕವಾದ ಉತ್ತರ ಗ್ರಂಥಗಳಲ್ಲಿ ಕೂಡ ಸಿಕ್ಕಿರಲಿಲ್ಲ.

ಟರ್ಬೊ ಎಂದರೇನೆಂದು ನಾನು ಓದಿಕೊಂಡು ಬಂದು ಮನೆಮಂದಿಗೆಲ್ಲ ಉಪನ್ಯಾಸ ಮಾಡಿದೆ. ಎಂಜಿನ್ ಬಿಡುವ ಹೊಗೆ ವ್ಯರ್ಥವಾಗಿ ಹೊರಗೆ ಹೋಗುವ ಮುನ್ನ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ; ಆ ಚಕ್ರಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬುತ್ತದೆ; ಗಾಳಿ ಹೆಚ್ಚಿದರೆ ಉರಿ ಹೆಚ್ಚು, ಉರಿ ಹೆಚ್ಚಿದರೆ ಬಲ ಹೆಚ್ಚು. ಬಿಟ್ಟ ನಿಟ್ಟುಸಿರಿನಿಂದಲೇ ಉತ್ಸಾಹ ಪಡೆಯುವ ಈ ತಂತ್ರ ನನಗೆ ಬಹಳ ಹಿಡಿಸಿತು. ಚಿಕ್ಕಮ್ಮ ಎಲ್ಲವನ್ನೂ ಕೇಳಿ, ಒಲೆ ಊದುವ ಕೊಳವೆ ಅನ್ನು ಎಂದು ನನ್ನ ಉಪನ್ಯಾಸವನ್ನು ಮುಗಿಸಿದರು.

ನಯಾಜ್ ಮೊದಲು ತಂದದ್ದು ಬೋರ್‌ವೆಲ್ ಕೊರೆಯುವ ಲಾರಿಯದು. ಅದು ಕುಂಬಳಕಾಯಿಯಷ್ಟು ದಪ್ಪವಿತ್ತು. ಅದರ ಚಕ್ರ ತಿರುಗಬೇಕಾದರೆ ನಮ್ಮ ಎಂಜಿನ್ ಯುಗಾದಿಯಿಂದ ದಸರೆಯವರೆಗೆ ಹೊಗೆ ಬಿಡಬೇಕಿತ್ತು. ಎರಡನೆಯದು ಮಾಲೂರಿನ ಗುಜರಿಯಲ್ಲಿ, ಅಪ್ಪಚ್ಚಿಯಾದ ಜೀಪೊಂದರ ಎದೆಯಲ್ಲಿ ಸಿಕ್ಕಿತು. ಅದನ್ನು ಕೂರಿಸಲು ಕೋಲಾರದ ಲೇತ್‌ನಲ್ಲಿ ಕಬ್ಬಿಣದ ಬಳೆಯೊಂದನ್ನು ಕಡೆಸಿದರು. ಗಾಳಿಯ ದಾರಿಗೆ ತೋಟದ ಮೋಟರಿನ ರಬ್ಬರ್ ಪೈಪು ಬಂತು. ಎಲ್ಲವೂ ಸೇರಿದ ಮೇಲೆ ಬಾನೆಟ್ ಮುಚ್ಚಲಿಲ್ಲ. ನಯಾಜ್ ಅದಕ್ಕೊಂದು ಕಿಂಡಿ ಕೊರೆದು, ಗಾಳಿಗೆ ಒಳ್ಳೆಯದು ಎಂದ. ಕೀಲಿ ಕೊಡುವಾಗ ಮಾತ್ರ ಒಂದು ಎಚ್ಚರಿಕೆ ಹೇಳಿದ: "ನಿಲ್ಸಿದ ಗಾಡೀನ ಏರು ಹತ್ತಿಸ್ಬೇಡಿ ಸಾರ್. ಓಡ್ತಾ ಇದ್ರೇನೇ ಅದು ಊದೋದು. ಸಿಳ್ಳೆ ಕೇಳಿಸ್ತು ಅಂದ್ರೆ ಬಂತು ಅಂತ."

ಗೃಹಪ್ರವೇಶದ ಹಿಂದಿನ ದಿನ ಕಾಮಾಕ್ಷಮ್ಮನವರನ್ನು ಕರೆತರಲು ನಾವೆಲ್ಲ ಹೋದೆವು. ಅವರು ಕಿಂಡಿಯನ್ನು ನೋಡಿದರು, ಅಳಿಯನನ್ನು ನೋಡಿದರು, ಏರಿನ ಬುಡದಿಂದ ತಮ್ಮೂರಿಗೆ ಸಂಜೆ ಬಸ್ಸು ಎಷ್ಟು ಹೊತ್ತಿಗೆಂದು ನಮಗೆಲ್ಲ ಕೇಳಿಸುವಂತೆ ಯಾರನ್ನೋ ವಿಚಾರಿಸಿದರು, ಆಮೇಲೆ ಹಿಂದಿನ ಸೀಟಿನ ನಡುವೆ ಕುಳಿತರು. ಕಾರು ಹೊರಟಿತು. ಮರ ಕಂಡಿತು. ಚಿಕ್ಕಪ್ಪ ಅದರ ಕೆಳಗೆ ಕಾರು ನಿಲ್ಲಿಸಿದರು. ನಾನು ಇಳಿದೆ. ಹುಡುಗಿಯರು ಇಳಿದರು. ಚಿಕ್ಕಮ್ಮ ಇಳಿದು ಸೆರಗು ಸರಿಪಡಿಸಿಕೊಂಡು ನಾಲ್ಕು ಹೆಜ್ಜೆ ಮೇಲಕ್ಕೂ ನಡೆದರು.

ಆಮೇಲೆ ನಮಗೆ ಹೊಳೆಯಿತು.

ಚಿಕ್ಕಪ್ಪ ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. ಇಳಿಯಿರೆಂದು ಅವರು ಹೇಳಿರಲಿಲ್ಲ, ಯಾವತ್ತೂ ಹೇಳಿದವರಲ್ಲ. ಕಾರಿನೊಳಗೆ ಉಳಿದವರು ಕಾಮಾಕ್ಷಮ್ಮ ಒಬ್ಬರೇ, ಕೈಚೀಲವನ್ನು ಎದೆಗವಚಿಕೊಂಡು, ಬಾಗಿಲ ಬಳಿಗೆ ಸರಿದು ಅದರ ಹಿಡಿಯ ಮೇಲೆ ಒಂದು ಕೈಯಿಟ್ಟುಕೊಂಡು. ನನ್ನ ವಿಶ್ವವಿದ್ಯಾಲಯದ ವಿದ್ಯೆ ಜೀವಮಾನದಲ್ಲಿ ಮೊದಲ ಬಾರಿ ಕೆಲಸಕ್ಕೆ ಬಂದದ್ದು ಆಗಲೇ. ಕಿಟಕಿಗೆ ಬಾಗಿ, ಅವರ ಮಾತು ಅವರು ಇಳಿಯುವುದಕ್ಕಷ್ಟೇ ಸಂಬಂಧಿಸಿದ್ದೆಂದೂ, ಈಗ ಇಳಿದವರು ನಾವೆಂದೂ, ಅದೂ ಯಾರೂ ಹೇಳದೆ ಇಳಿದೆವೆಂದೂ, ಆದ್ದರಿಂದ ತಾರ್ಕಿಕವಾಗಿ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲವೆಂದೂ ವಾದಿಸಿದೆ. ಅವರು ಹಿಡಿಯ ಮೇಲಿಂದ ಕೈ ತೆಗೆದರು.

"ಓದಿದೋರ ಬಾಯಿ," ಎಂದರು. "ಸರಿ, ಹತ್ತು."

ಚಿಕ್ಕಪ್ಪ ನಮ್ಮನ್ನೆಲ್ಲ ತುಂಬಿಕೊಂಡು ಕಾರನ್ನು ಹಿಂದಕ್ಕೆ, ಮರ ಬೆರಳಷ್ಟಾಗಿ ಕಾಣುವವರೆಗೆ ಕೊಂಡೊಯ್ದು, ಅಲ್ಲಿಂದ ಓಡಿಸಿಕೊಂಡು ಬಂದರು. ಆದರೆ ಇಷ್ಟು ವರ್ಷ ಅಲ್ಲೇ ನಿಲ್ಲಿಸಿ ರೂಢಿಯಾದ ಕಾಲಿಗೆ ಹೇಳುವವರು ಯಾರು? ಮರ ಹತ್ತಿರವಾದಂತೆ ಅದು ತಾನಾಗಿ ಬ್ರೇಕಿನ ಕಡೆ ಸರಿಯಿತು. ಕಾರು ಮಂದವಾಯಿತು. ಹಿಂದಿನಿಂದ ಕಾಮಾಕ್ಷಮ್ಮನ ದನಿ ಬಂತು, ಮನೆಯ ಹಿರಿಯ ಹೆಂಗಸು ಊಟದ ಪಂಕ್ತಿಯಲ್ಲಿ ಹೇಳುವ ಧಾಟಿಯಲ್ಲಿ: "ಎವರೂ ದಿಗೊದ್ದು. ಅಳಿಯಗಾರೂ, ನಿಲ್ಲಿಸ್ಬೇಡಿ." ಯಾರೂ ಇಳಿಯಕೂಡದೆಂದು ಅವರ ತೆಲುಗಿನ ಅಪ್ಪಣೆ.

ಚಿಕ್ಕಪ್ಪ ಆಕ್ಸಿಲರೇಟರನ್ನು ತುಳಿದರು. ಮರ ಹಿಂದೆ ಹೋಯಿತು. ಮೊದಲು ಕರಿಹೊಗೆ, ಆಮೇಲೆ ನಡುಕ, ಆಮೇಲೆ ಎಲ್ಲಿಂದಲೋ ಹಾಲು ಕಾಯುವಾಗಿನಂಥ ಸಣ್ಣ ಸದ್ದು. ಅದು ಏರುತ್ತಾ ಏರುತ್ತಾ ಸಿಳ್ಳೆಯಾಯಿತು, ಯಾರೋ ಬೆನ್ನಿಗೆ ಅಂಗೈಯಿಟ್ಟು ತಳ್ಳಿದಂತಾಯಿತು. ಆ ಸಿಳ್ಳೆ ನನಗೆ ನಿಜವಾಗಿ ಕೇಳಿಸಿತೋ, ಮನೆಮಂದಿ ವರ್ಷಗಟ್ಟಲೆ ಬಾಯಿಂದ ಊದಿ ತೋರಿಸಿ ತೋರಿಸಿ ಈಗ ಕೇಳಿಸುತ್ತಿದೆಯೋ, ಪ್ರಮಾಣ ಮಾಡಿ ಹೇಳಲಾರೆ. ಹುಡುಗಿಯರಂತೂ ಕಿರುಚುತ್ತಿದ್ದರು. ನಾವು ವರ್ಷಗಳ ಕಾಲ ನಡೆದು ಸವೆಸಿದ ತಿರುವುಗಳು ಒಂದೊಂದಾಗಿ ಕಿಟಕಿಯಲ್ಲಿ ಬಂದು, ನಮ್ಮ ಗುರುತೇ ಇಲ್ಲದವರಂತೆ ಹೋದವು.

ನೆತ್ತಿಯಲ್ಲಿ ಚಿಕ್ಕಪ್ಪ ಕಾರು ನಿಲ್ಲಿಸಿ, ತಿರುಗಿ ನೋಡುವ ಧೈರ್ಯವಿಲ್ಲದೆ ಕನ್ನಡಿಯಲ್ಲಿ ನೋಡಿದರು. ಚಿಕ್ಕಮ್ಮ ಅಳುತ್ತಲೂ ನಗುತ್ತಲೂ ತಾಯಿಯ ಕೈ ಹಿಡಿದಿದ್ದರು. ಕಾಮಾಕ್ಷಮ್ಮ ಕೆದರಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿ, ಕೈಚೀಲವನ್ನು ಕಾಲ ಬಳಿ ಇಟ್ಟು, ಸೀಟಿಗೆ ನೆಮ್ಮದಿಯಾಗಿ ಒರಗಿದರು.

"ಮುಳಬಾಗಿಲು ಎಲ್ಲಿಗೂ ಓಡಿಹೋಗಲ್ಲ," ಎಂದರು. "ಅಳಿಯಗಾರೂ, ತಿರುಗಿಸಿ. ಇನ್ನೊಂದ್ಸಾರಿ ಹತ್ತೋಣ."