ಅಪ್ಪನ ಬಿಳಿಗಾರ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದಿದವಳೆಂದೇ ತರೀಕೆರೆಯ ಡಾಕ್ಟರು ಅಪ್ಪನ ಶ್ವಾಸಕೋಶದ ವಿಷಯವನ್ನು ನನಗೆ ಮಾತ್ರ ಹೇಳಿದರು. ಹೊರಗೆ ಅಜ್ಜಂಪುರದ ಬಸ್ಸಿಗೆ ಕಾಯುವಾಗ ಅಪ್ಪ ಕೇಳಿದರು, “ಕುಲುಮೆ ಮುಂದೆ ಯಾವಾಗಿಂದ ಕೂರ್ಬೋದಂತೆ?”

ಅಪ್ಪ ಅಕ್ಕಸಾಲಿಗ. ಬೆಸುಗೆಗೆ ಬಿಳಿಗಾರದ, ಅಂದರೆ ಬೋರಾಕ್ಸಿನ, ಪುಡಿ ಹಚ್ಚಿ, ಊದುಗೊಳವೆ ಊದಿ ಊದಿಯೇ ನನ್ನನ್ನು ಎಂಎಸ್ಸಿವರೆಗೆ ಓದಿಸಿದವರು. ಈಗ ನನ್ನ ಸಂಶೋಧನೆಯೂ ಬಿಳಿಗಾರದಂಥ ಬೋರೇಟುಗಳ ಮೇಲೆಯೇ. ಲೇಸರ್ ಉಪಕರಣಗಳಿಗೆ ಬೇಕಾದ ಹರಳು ಬೆಳೆಸಲು ಅವನ್ನು ಕರಗಿಸುತ್ತಾರೆ. ಆ ದ್ರವದೊಳಗೆ ಬೋರಾನ್, ಆಕ್ಸಿಜನ್ ಪರಮಾಣುಗಳು ಉಂಗುರವಾಗಿ ಕೂಡಿಕೊಂಡಿವೆಯೋ ಸರಪಳಿಯಾಗಿಯೋ ಎಂದು ನಾನು ಪರೀಕ್ಷಿಸುತ್ತೇನೆ. “ಉಂಗ್ರ, ಸರ ಅಂತ ಕೊನೆಗೆ ನೀನೂ ಅಕ್ಸಾಲಿನೇ ಆದೆ ಕಣೇ,” ಎಂದು ಅಪ್ಪ ನಗುತ್ತಿದ್ದರು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. “ಇನ್ಮೇಲೆ ಕೂರಂಗಿಲ್ಲ ಕಣಪ್ಪ. ಎದೆ ಪೂರ್ತಿ ಕೆಟ್ಟೋಗೈತಂತೆ, ವಾಸಿ ಆಗಲ್ವಂತೆ,” ಅಂದೆ.

ಅಪ್ಪ ಕೆಮ್ಮಿ, ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡರು. ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು, “ಹಂಗಾದ್ರೆ ಅಂಗಡೀಲಿರೋ ಬಿಳಿಗಾರನೆಲ್ಲ ನೀನೇ ತಗೊಂಡೋಗು. ನಿನ್ ಕುಲುಮೆಗಾಗುತ್ತೆ.”

“ಅದಾಗಲ್ಲಪ್ಪ. ನಮಗೆ ಇನ್ನೂ ಶುದ್ಧವಾಗಿರೋದು ಬೇಕು.”

“ನಂದು ಶುದ್ಧ ಇಲ್ವಾ?”

ಎದೆಯ ಮಾತಿಗೆ ಸುಮ್ಮನಿದ್ದವರು ಇದಕ್ಕೆ ಮುಖ ತಿರುಗಿಸಿಕೊಂಡರು. ಊರು ಬರುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದರು. ಅವರ ಉಸಿರಿನ ಸೀಟಿ ಬಸ್ಸಿನ ಸದ್ದಿನಲ್ಲೂ ನನಗೆ ಕೇಳುತ್ತಿತ್ತು.