ಬೆನ್ನು ನೋಡಿ ಕಾರ್ಡು ಹೇಳುತ್ತಿದ್ದ ಅಕ್ಕ

ಕಾರ್ಡು ಕವುಚಿ ಹಾಕಿದ್ದರೂ ಅದರ ಇನ್ನೊಂದು ಬದಿಯಲ್ಲಿ ಏನಿದೆಯೆಂದು ನನ್ನ ಅಕ್ಕ ಹೇಳಿಬಿಡುತ್ತಿದ್ದಳು. ಮಾಯವೇನೂ ಅಲ್ಲ. ನಾವು ಆಡುತ್ತಿದ್ದ ಕಾರ್ಡುಗಳನ್ನು ಮಾಡಿದ್ದೇ ಹಳೆಯ ಲಗ್ನಪತ್ರಿಕೆಗಳಿಂದ. ನೆಂಟರು ಕೊಟ್ಟುಹೋದ ಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಹುಲಿ, ಹದ್ದು, ಎರಡು ತಲೆಯ ಹಾವು ಎಂದು ಬರೆದುಕೊಳ್ಳುತ್ತಿದ್ದೆವು. ಪತ್ರಿಕೆಯ ಮೂಲೆಗೆ ಹಚ್ಚಿದ ಅರಿಸಿನ ಒಂದರಲ್ಲಿ ದಪ್ಪ, ಒಂದರಲ್ಲಿ ತೆಳು, ಒಂದರಲ್ಲಿ ಯಾರದೋ ಹೆಬ್ಬೆಟ್ಟಿನ ಗುರುತು. ಅಷ್ಟು ಸಾಕಿತ್ತು ಅವಳಿಗೆ. ನಾನು ಸೋತು ಸೋತು ಅಳತೊಡಗಿದ ಮೇಲೆ ಅವಳೇ ಒಂದು ಕಾನೂನು ಮಾಡಿದಳು. ತನ್ನ ಸರದಿ ಬಂದಾಗ ಕಣ್ಣು ಮುಚ್ಚಿಕೊಂಡೇ ಎಳೆಯುವುದು. ಒಮ್ಮೆಯೂ ಕಳ್ಳಗಣ್ಣು ಬಿಟ್ಟವಳಲ್ಲ. ನಾನಾಗಿದ್ದರೆ ಬಿಡುತ್ತಿದ್ದೆ.

ಈ ಆಟ ನಮಗೆ ಹತ್ತಿದ್ದು ಟಿವಿಯಿಂದ. ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷಕ್ಕೆ, ತಮಿಳು ಸೀಮೆಯೊಳಗೆ ಕಾರಿಮಂಗಲದ ಆಚೆಯ ನಮ್ಮ ಹಳ್ಳಿಗೂ ಕೇಬಲ್ ಬಂತು. ಸಂಜೆ ಹೊತ್ತು ಒಂದು ಜಪಾನಿ ಕಾರ್ಟೂನು ಬರುತ್ತಿತ್ತು. ಎದುರುಬದುರು ನಿಂತ ಹುಡುಗರು ಕಾರ್ಡು ಹಾಕುತ್ತಾರೆ, ಕಾರ್ಡಿನೊಳಗಿಂದ ಮೃಗಗಳು ಎದ್ದು ಬಂದು ಹೊಡೆದಾಡುತ್ತವೆ. ಮಾತೆಲ್ಲ ಇಂಗ್ಲಿಷು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಮ್ಮದು ಬಣ್ಣದ ಟಿವಿಯೂ ಅಲ್ಲ. ಆದರೂ ಅಕ್ಕ ಅವರ ಮುಖಗಳನ್ನು ನೋಡಿಯೇ ಕಥೆ ಕಟ್ಟಿ ಹೇಳುತ್ತಿದ್ದಳು. ಅವಳು ಆಗ ಪ್ಲಸ್ ಟೂ, ಅಂದರೆ ಹನ್ನೆರಡನೆಯ ತರಗತಿ, ನಾನು ಆರನೆಯದು. ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಲೇ, "ಇಸ್ಪೀಟು ಕಲ್ಸಕ್ಕೆ ಟಿವಿನಾಗೂ ಬಂದ್ಬುಟ್ರಾ? ಊರ್ನಾಗಿರೋರು ಸಾಲ್ದು ಅಂತವಾ?" ಎಂದು ಕೇಳಿ, ತಾನೂ ಕೂತು ನೋಡುತ್ತಿದ್ದ.

ಆ ಕಾರ್ಟೂನಿನಲ್ಲಿ ಒಬ್ಬ ಹುಡುಗಿಯಿದ್ದಳು. ಸೋಲು ಕಾಣದವಳು. ನನಗೆ ಅವಳನ್ನು ಕಂಡರಾಗದು, ಬರೀ ಜಂಬ ಎನ್ನುತ್ತಿದ್ದೆ. ಅಕ್ಕ ಒಂದು ದಿನ, "ಜಂಬ ಅಲ್ವೇ, ಸರ್ಯಾಗಿ ನೋಡು. ಅವ್ಳು ಒಂದೊಂದ್ ಕಾರ್ಡ್ ಹಾಕ್ದಾಗ್ಲೂ ಮೇಕ್ ನೋಡ್ತಾಳೆ" ಎಂದಳು. ನಿಜ. ಮೇಲಿನ ಸಾಲಿನಲ್ಲಿ ಅವಳ ಅಪ್ಪ ಕೂತಿರುತ್ತಿದ್ದ, ಕೈಕಟ್ಟಿಕೊಂಡು. ಅಕ್ಕ ಕಟ್ಟಿದ ಕಥೆಯ ಪ್ರಕಾರ ಅವನೂ ಒಂದು ಕಾಲದಲ್ಲಿ ದೊಡ್ಡ ಆಟಗಾರನಾಗಿದ್ದನಂತೆ. ಮಗಳು ಗೆದ್ದರೆ ಅವನು ನಗುತ್ತಿರಲಿಲ್ಲ, ಮುಖದ ಗಂಟು ಸ್ವಲ್ಪ ಸಡಿಲವಾಗುತ್ತಿತ್ತು ಅಷ್ಟೆ. "ಎದುರ್ಗಿರೋ ಉಡ್ಗನ ಜೊತೆ ಅಲ್ಲ ಅವ್ಳು ಆಡೋದು. ಅವ್ರಪ್ಪನ ಮಖದ ಜೊತೆ ಆಡೋದು. ಪಾವಂ!" ಎಂದು ತಮಿಳಿನಲ್ಲಿ ಮರುಗಿದಳು ಅಕ್ಕ. ಅವಳಿಗೆ ಅದು ಹೇಗೆ ಗೊತ್ತಾಯಿತೆಂದು ಆಗ ನಾನು ಯೋಚಿಸಲಿಲ್ಲ.

ನಮ್ಮ ಮನೆಯಲ್ಲಿ ಆ ಮುಖ ಅವ್ವನದು. ಅವ್ವ ಬೈಯುತ್ತಿರಲಿಲ್ಲ. ಬೈದಿದ್ದರೆ ನಾವೂ ಬಾಯಿ ಮಾಡಬಹುದಿತ್ತು. ಬೇಸರವಾದರೆ ಅವಳು ಅನ್ನ ಬಿಡುತ್ತಿದ್ದಳು, ಸೆರಗು ಹೊದ್ದು ಗೋಡೆಯ ಕಡೆ ತಿರುಗುತ್ತಿದ್ದಳು. ಅಜ್ಜಿ ಸಾಯುವಾಗ ಅವ್ವನ ಕೈಯನ್ನು ಅವಳ ತಮ್ಮನ ಕೈಮೇಲಿಟ್ಟು, ನಿನ್ನ ದೊಡ್ಡ ಮಗಳನ್ನು ಇವನಿಗೇ ಕೊಡು ಎಂದು ಮಾತು ತೆಗೆದುಕೊಂಡಿದ್ದಳು. ಮಾರಂಡಹಳ್ಳಿ ಕಡೆ ಕುರಿ ಕಟ್ಟಿಕೊಂಡು, ತರಕಾರಿ ಬೆಳೆದುಕೊಂಡಿದ್ದ ಆ ಮಾವ ಕೆಟ್ಟವನಲ್ಲ. ಬಂದಾಗಲೆಲ್ಲ ನಮಗೆ ಕಡಲೆಮಿಠಾಯಿ ತರುತ್ತಿದ್ದ. ಚಿಕ್ಕವಳಾಗಿದ್ದಾಗ ಅಕ್ಕ ಅವನ ಹೆಗಲ ಮೇಲೆ ಕೂತು ಆಡಿದವಳು. ಅದೇ ಅವಳ ಸಂಕಟ. "ಮಾವನ ಎಗಲು ಮೇಲೆ ಕುಂತೋಳು, ಮಾವನ ಪಕ್ಕ ಎಂಗೆ ಮಲ್ಗಲಿ?" ಎಂದು ನನ್ನ ಹತ್ತಿರ ಒಮ್ಮೆ ಅಂದಳು. ನನಗೆ ಪೂರ್ತಿ ಅರ್ಥವಾಗಲಿಲ್ಲ, ಅವಳ ದನಿಗೆ ಹೆದರಿಕೆಯಾಯಿತು.

ಪ್ಲಸ್ ಟೂ ರಿಸಲ್ಟು ಚೆನ್ನಾಗಿ ಬಂತು. ಅಕ್ಕ ಸೇಲಂ ಕಾಲೇಜಿನಲ್ಲಿ ಗಣಿತ ಓದುತ್ತೇನೆಂದಳು. ಅಪ್ಪನಿಗೂ ಆಸೆಯೇ. "ತೊಪ್ಪೂರು ಗಾಟು ಇಳುದ್ರೆ ಸೇಲಂ, ಅದೇನು ಸೀಮೆ ಇಲ್ದಿರೋ ದೂರ್ವಾ?" ಎಂದು ಅವ್ವನ ಮುಂದೆ ಮೆಲ್ಲಗೆ ತೆಗೆದ. ಅವ್ವ ಅವತ್ತೇ ಅನ್ನ ಬಿಟ್ಟಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯವನು ನಮ್ಮಪ್ಪ. ಅವ್ವ ಮೂರು ಹೊತ್ತು ಉಪವಾಸ ಬಿದ್ದಮೇಲೆ ಅವನಿಗೆ ಹೊಳೆದದ್ದು ಹೂ ಕೇಳುವ ದಾರಿ.

ಹೂ ಕೇಳುವುದು ನಮ್ಮ ಕಡೆಯ ಪದ್ಧತಿ. ಬಿಳಿ ಕಣಗಿಲೆ, ಕೆಂಪು ಕಣಗಿಲೆ ಎರಡನ್ನೂ ಬೇರೆ ಬೇರೆ ಎಲೆಯಲ್ಲಿ ಪೊಟ್ಟಣ ಕಟ್ಟಿ ಅಮ್ಮನವರ ಮುಂದೆ ಹಾಕುತ್ತಾರೆ. ಯಾವ ಬಣ್ಣಕ್ಕೆ ಯಾವ ಉತ್ತರವೆಂದು ಮೊದಲೇ ಹೇಳಿಕೊಂಡು, ಒಂದನ್ನು ಎತ್ತುತ್ತಾರೆ. ಬಿಚ್ಚಿದಾಗ ಕಂಡದ್ದೇ ದೇವಿಯ ಮಾತು, ಆಮೇಲೆ ಯಾರೂ ತುಟಿ ಎರಡು ಮಾಡುವಂತಿಲ್ಲ. ಬಿಳಿ ಬಂದರೆ ಮಾವನೊಂದಿಗೆ ಮದುವೆ, ಕೆಂಪು ಬಂದರೆ ಕಾಲೇಜು ಎಂದು ಮಾತಾಯಿತು. ಅವ್ವ ಒಪ್ಪಿದಳು. ಆವತ್ತು ಅಕ್ಕ ನನ್ನ ತಲೆ ಬಾಚುತ್ತ ಹಾಡು ಗುನುಗಿದಳು.

ಊರಾಚೆಯ ಚಿಕ್ಕ ಗುಡಿ. ಬೆಳಗಿನ ಹೊತ್ತು. ಪೂಜಾರಿ ನಮ್ಮೆದುರಿಗೇ ಬಾಳೆಲೆಯ ಚೂರುಗಳಲ್ಲಿ ಹೂ ಕಟ್ಟಿದ. ಕೆಂಪು ಹೂ ಕಟ್ಟುವಾಗ ಅವನ ಉಗುರು ತಾಗಿ ಎಲೆಯ ಅಂಚು ಒಂದಿಷ್ಟು ಸೀಳಿತು. ಅವನಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಎರಡನ್ನೂ ಅಂಗೈಯಲ್ಲಿ ಕುಲುಕಿ ಕಲ್ಲಿನ ಮೇಲೆ ಚೆಲ್ಲಿದ. ಸೀಳಿದ ಎಲೆ ಅಕ್ಕನ ಬಲಗೈ ಪಕ್ಕಕ್ಕೇ ಬಂದು ಬಿತ್ತು. ನಾನೂ ನೋಡಿದೆ. ವರ್ಷವಿಡೀ ಅವಳ ಜೊತೆ ಆಡಿ ಸೋತವಳಿಗೆ ಅಷ್ಟಾದರೂ ಕಣ್ಣು ಬಂದಿರುವುದಿಲ್ಲವೇ? ಸಾಮಾನ್ಯವಾಗಿ ಎತ್ತುವುದು ಮನೆಯ ಚಿಕ್ಕ ಮಗು. ಪೂಜಾರಿ ನನ್ನನ್ನು ಕರೆದ.

ಅವ್ವ ಅಡ್ಡ ಬಂದಳು. "ಬ್ಯಾಡ ಸಾಮಿ. ಚಿಕ್ಕದು ಎತ್ತುದ್ರೆ ನಾಳೆ ಪಳಿ, ದೂರು ಎಲ್ಲಾ ಅದ್ರ ಮೇಲೆ ಬರ್ತೈತೆ. ಅವ್ಳ ಬದುಕು, ಅವ್ಳೇ ಎತ್ಲಿ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಕ್ಕನ ಕೈಗೇ ಆಟ ಕೊಟ್ಟುಬಿಟ್ಟಳಲ್ಲ! ಒಂದೇ ಭಯ, ಇವಳೆಲ್ಲಿ ನ್ಯಾಯ ಅಂತ ಕಣ್ಣು ಮುಚ್ಚಿಕೊಳ್ಳುತ್ತಾಳೋ ಎಂದು. ಮುಚ್ಚಿಕೊಳ್ಳಬೇಡ, ಮುಚ್ಚಿಕೊಳ್ಳಬೇಡ ಎಂದು ದೇವಿಗೆ ಕೈಮುಗಿದೆ. ಅಕ್ಕ ಕಣ್ಣು ಮುಚ್ಚಲಿಲ್ಲ. ಪೊಟ್ಟಣಗಳನ್ನು ನೋಡಿದಳು. ಸೀಳಿದ ಅಂಚಿನ ಮೇಲೆ ಅವಳ ದೃಷ್ಟಿ ನಿಂತದ್ದು ನನಗೆ ಚೆನ್ನಾಗಿ ಕಂಡಿತು. ಆಮೇಲೆ ತಲೆಯೆತ್ತಿ ಅವ್ವನ ಕಡೆ ನೋಡಿದಳು. ಕೈ ಚಾಚಿ ಇನ್ನೊಂದನ್ನು ಎತ್ತಿಕೊಂಡಳು.

ಬಿಳಿ. ಅವ್ವ ಓ ಎಂದು ಅತ್ತು ಅಲ್ಲೇ ಉದ್ದಂಡ ಬಿದ್ದಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೆವರೋ ಏನೋ. ಗುಡಿಗೆ ಬಂದಿದ್ದ ಜನ ದೇವಿಯ ಸತ್ಯ ದೊಡ್ಡದು ಎಂದರು. ನನಗೆ ದೇವಿಯ ಮೇಲೆ ಇಂದಿಗೂ ಸಿಟ್ಟಿಲ್ಲ. ಆವತ್ತು ಅವಳನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲ. ಸಿಟ್ಟೆಲ್ಲ ಅಕ್ಕನ ಮೇಲೆ. ಕೈಗೆ ಬಂದ ತುತ್ತನ್ನು ತಾನೇ ನೆಲಕ್ಕೆ ಚೆಲ್ಲಿದವಳ ಮೇಲೆ. ಮದುವೆ ಮುಗಿಯುವವರೆಗೆ ನಾನು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಹೊಸ ಮದುವಣಗಿತ್ತಿಯನ್ನು ಆಡಿ ತಿಂಗಳಿಗೆ, ಅಂದರೆ ಆಷಾಢಕ್ಕೆ, ತವರಿಗೆ ಕರೆದು ತರುವುದು ವಾಡಿಕೆ. ಅಕ್ಕ ಬಂದಳು. ಕೊರಳು ತುಂಬ ಅರಿಸಿನದ ದಾರ, ಕಣ್ಣ ಕೆಳಗೆ ಕಪ್ಪು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಪೆಟ್ಟಿಗೆಯಿಂದ ಕಾರ್ಡು ತೆಗೆದಳು. ಗೂಡಿನಲ್ಲಿ ಉಳಿದಿದ್ದ ತನ್ನದೇ ಲಗ್ನಪತ್ರಿಕೆಯನ್ನೂ ತಂದು, ಕತ್ತರಿ ಹಿಡಿದು ನಾಲ್ಕು ತುಂಡು ಮಾಡಿದಳು. "ಆ ಉಡ್ಗಿ ಏನಾದ್ಲು? ಮೇಕ್ ನೋಡ್ತಿದ್ದೋಳು?" ಎಂದು ಕೇಳಿದಳು. ಕೇಬಲಿನವನು ಆ ಚಾನೆಲ್ ತೆಗೆದುಬಿಟ್ಟ, ಗೊತ್ತಿಲ್ಲ ಎಂದೆ.

ನನಗೆ ತಡೆಯಲಾಗಲಿಲ್ಲ. "ಯಾವ್ದು ಕೆಂಪು ಅಂತ ನಿಂಗೆ ಗೊತ್ತಿತ್ತು ತಾನೆ?" ಎಂದೆ.

ಅಕ್ಕ ತುಂಡುಗಳನ್ನು ಜೋಡಿಸುತ್ತಲೇ ಇದ್ದಳು. "ಅವ್ವ ಕಣ್ ಮುಚ್ಕೊಂಡಿದ್ಲು ಕಣೇ. ಕೈ ಮುಗ್ಕೊಂಡು, ತುಟಿ ನಡುಗ್ತಾ ಇತ್ತು. ಕಣ್ ಬುಟ್ಟಾಗ ಅವ್ಳಿಗೆ ಕೆಂಪು ಕಂಡಿದ್ರೆ, ಆ ಮಖನ ನಾನು ಎಂಗ್ ನೋಡ್ಲಿ?"

ಆಮೇಲೆ, "ಇಡ್ಕೋ ಕಾರ್ಡು, ಮೊದ್ಲು ನಂದೇ" ಎಂದಳು. ನಾನು ಕಾರ್ಡುಗಳನ್ನು ಬಿಡಿಸಿ ಅವಳ ಮುಂದೆ ಹಿಡಿದೆ. ಹಳೆಯ ಕಾನೂನಿನಂತೆ ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು. ನಾನು ಹಿಡಿದುಕೊಂಡೇ ಇದ್ದೆ. ಅವಳು ಎಳೆಯಲೇ ಇಲ್ಲ.