ಹಳ್ಳದ ನೀರಿಗೆ ಎರಡು ಸಲ ಸಾಕ್ಷಿ ಹೇಳಿದವರು

ರಸಾಯನಶಾಸ್ತ್ರವನ್ನು ಕಪ್ಪುಹಲಗೆಯಿಂದ ಇಳಿಸಿ ಜನರ ಬಾವಿಕಟ್ಟೆಗೂ ಹಳ್ಳದ ದಂಡೆಗೂ ತಂದವರು ನಮ್ಮ ಸೀಮೆಯಲ್ಲಿ ಯಾರೆಂದು ಕೇಳಿದರೆ, ಪೂಜ್ಯ ಮಚ್ಚೇಂದ್ರ ಗುರುಗಳ ಹೆಸರು ಹೇಳಲು ಯಾರೂ ತಡವರಿಸುವುದಿಲ್ಲ. 1958ರಲ್ಲಿ ಬಸವಕಲ್ಯಾಣದ ಪ್ರೌಢಶಾಲೆಯಲ್ಲಿ ಸೇವೆಗೆ ಸೇರಿ, ಹನ್ನೆರಡು ವರ್ಷಗಳ ತರುವಾಯ ಹುಮನಾಬಾದಿಗೆ ಬಂದು, ಈ 1986ರಲ್ಲಿ ನಿವೃತ್ತರಾಗುತ್ತಿರುವ ಅವರು, ಕೂಲಿಕಾರರ ಮಕ್ಕಳಿಗೆ ತಮ್ಮ ಪಡಸಾಲೆಯಲ್ಲೇ ಪಾಠ ಹೇಳಿ, ಪರೀಕ್ಷೆಯ ದಿನ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದದ್ದುಂಟು. ಕೋಪವೂ ಕಡಿಮೆಯೇನಲ್ಲ, ತೊಳೆಯದ ಪ್ರನಾಳ ಕಂಡರೆ ಮುಖ್ಯಗುರುಗಳನ್ನೂ ಬಿಡುತ್ತಿರಲಿಲ್ಲ. ಅಂಥವರೇ ಒಮ್ಮೆ ಪಾತ್ರೆಯ ವಿಷಯದಲ್ಲಿ ಎಡವಿದರು.

1979ರ ಬೇಸಿಗೆ. ಹುಡಗಿಯ ಹತ್ತಿರ, ನದಿಗೆ ಸೇರುವ ಹಳ್ಳದ ದಂಡೆಯಲ್ಲಿ, ಲಾರಿಗಳ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಭಟ್ಟಿಯೊಂದು ಶುರುವಾಗಿತ್ತು. ಕೆಳಗಿನ ಮಡುವಿನಲ್ಲಿ ಮೀನುಗಳು ಸತ್ತು ತೇಲಿದವು. ಎಮ್ಮೆಗಳು ಕಣ್ಣು ಕಾಣದೆ, ಹಲ್ಲು ಕಡಿಯುತ್ತ, ನಿಂತಲ್ಲೇ ಸುತ್ತು ಹಾಕಿ ಬಿದ್ದವು. ಇದ್ದ ಎರಡರಲ್ಲಿ ಒಂದನ್ನು ಕಳೆದುಕೊಂಡ ಕೂಲಿಕಾರ್ತಿ ಕಾಂತಾಬಾಯಿಗೆ ಗುರುಗಳು, "ಸ್ವಚ್ಛ ಭಾಂಡೆದಾಗ ಹಳ್ಳದ ನೀರು ತಗೊಂಡ ಬಾರವ್ವ" ಎಂದರು. ಗುರುಗಳಿಗೆ ಒಯ್ಯುವ ನೀರೆಂದು ಆಕೆ ಹೊಸದಾಗಿ ಕಲಾಯಿ ಹಾಕಿಸಿದ ತಾಮ್ರದ ತಂಬಿಗೆಯಲ್ಲಿ ತಂದಳು. ಪ್ರಯೋಗಾಲಯದ ವರದಿಯಲ್ಲಿ ಸೀಸ ಮಿತಿಮೀರಿತ್ತು. ತಹಶೀಲ್ದಾರರು ವಿಚಾರಣೆ ಗೊತ್ತುಮಾಡಿದರು.

ವಿಚಾರಣೆಯ ದಿನ ಬೆಳಿಗ್ಗೆ ಶಾಲೆಯ ಎದುರು ಕಲಾಯಿಗಾರ ಬದ್ರುದ್ದೀನ್ ಕರಗುವ ತವರಕ್ಕೆ ಬೇರೊಂದು ಲೋಹದ ಚೂರು ಸೇರಿಸುತ್ತಿದ್ದ.

"ಅದೇನಪ?" ಎಂದರು ಗುರುಗಳು.

"ಸೀಸಾರಿ ಗುರುಗಳ. ತವರ ತುಟ್ಟಿ ಆಗ್ಯಾದ. ಎಲ್ಲಾರೂ ಹಾಕ್ತಾರ್ರಿ."

"ಕಾಂತಾಬಾಯಿ ತಂಬಿಗೆಗೂ?"

"ಹೌದ್ರಿ, ನಾನೇ ಮಾಡಿಕೊಟ್ಟೀನಿ."

ವರದಿಯ ಸೀಸ ಹಳ್ಳದ್ದೋ, ತಂಬಿಗೆಯದೋ? ಸುಮ್ಮನಿದ್ದರೆ ಅಂದೇ ಭಟ್ಟಿ ಮುಚ್ಚುತ್ತಿತ್ತು. ಹೇಳಿದರೆ ದನಗಳು ಅದೇ ನೀರು ಕುಡಿಯಬೇಕಿತ್ತು. ತುಂಬಿದ ಚಾವಡಿಯಲ್ಲಿ ಗುರುಗಳು ಎದ್ದು ನಿಂತರು.

"ಈ ವರದಿ ನಂಬಬ್ಯಾಡ್ರಿ. ತಪ್ಪು ನಂದದ."

ಭಟ್ಟಿಯ ಮಾಲೀಕ ಬಿದ್ದು ಬಿದ್ದು ನಕ್ಕ. ಮತ್ತೊಂದು ಪರೀಕ್ಷೆಗೆ ತಹಶೀಲ್ದಾರರು ಹದಿನೈದು ದಿನ ಕೊಟ್ಟರು. ಹೊರಗೆ ಕಾಂತಾಬಾಯಿ ಅಡ್ಡಗಟ್ಟಿದಳು.

"ಸುಮ್ಮ ಕುಂತಿದ್ರ ನಿಮ್ದೇನ್ ಹೋಗ್ತಿತ್ರಿ? ನಂದು ಇನ್ನೊಂದು ಎಮ್ಮಿ ಅದ, ಅದೂ ಅದೇ ನೀರು ಕುಡ್ಯಾಕತ್ತದ!"

ಮರುದಿನವೇ ಗುರುಗಳು ಆಮ್ಲದಿಂದ ತೊಳೆದ ಗಾಜಿನ ಶೀಶೆಗಳನ್ನು ಹೊತ್ತು ಹೋಗಿ, ಗ್ರಾಮಲೆಕ್ಕಿಗರ ಎದುರಿನಲ್ಲಿ, ಭಟ್ಟಿಯ ಮೇಲುಗಡೆಯಿಂದಲೂ ಕೆಳಗಡೆಯಿಂದಲೂ ನೀರು ತುಂಬಿಸಿ ಮೊಹರು ಹಾಕಿಸಿದರು. ಸತ್ತ ಮೀನಿನ ಕಿವಿರನ್ನೂ ಕಳಿಸಿದರು. ದಿನವೂ ಶಾಲೆ ಬಿಟ್ಟ ಮೇಲೆ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಕಾಂತಾಬಾಯಿಯ ಎಮ್ಮೆಗೆ ಬಾವಿನೀರು ಒಯ್ದರು. ಆದರೂ ಹನ್ನೊಂದನೆಯ ದಿನ ಅದು ಹಲ್ಲು ಕಡಿಯತೊಡಗಿತು, ಹದಿಮೂರನೆಯ ದಿನ ಸತ್ತಿತು. ಗುರುಗಳು ಮಕ್ಕಳ ಹಾಗೆ ಅತ್ತರು.

ಹದಿನೈದನೆಯ ದಿನ ವರದಿ ಬಂತು. ಮೇಲಿನ ನೀರು ಶುದ್ಧ. ಕೆಳಗಿನ ನೀರಿನಲ್ಲೂ ಮೀನಿನ ಕಿವಿರಿನಲ್ಲೂ ಸೀಸ. "ಶೀಶೆ ಎಂಥಾದಿತ್ತು?" ಎಂದು ಮಾಲೀಕ ಕೊಂಕು ತೆಗೆದಾಗ ಮೊಹರು ಹಾಕಿದ ಲೆಕ್ಕಿಗರೇ ಬಾಯಿ ಮುಚ್ಚಿಸಿದರು. ಭಟ್ಟಿ ಆರಿತು. ಗುರುಗಳು ವರದಿ ಹಿಡಿದು ಕಾಂತಾಬಾಯಿಯ ಖಾಲಿ ಕೊಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತರು.

"ಈ ಸಲ ಯಾರೂ ನಗಾಂಗಿಲ್ಲೇನ್ರಿ?" ಎಂದು ಆಕೆ ಕೇಳಿದಳು.

"ಇಲ್ಲವ್ವ."

"ಹಂಗಾರ ಇಲ್ಲೇ ಓದ್ರಿ. ಓಣಿ ಮಂದಿಗೆಲ್ಲಾ ಕೇಳ್ಲಿ."

ಪೂಜ್ಯರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ. ತಿಂಗಳಿಗೊಮ್ಮೆ ಹಳ್ಳದ ನೀರು ಪರೀಕ್ಷಿಸುವುದನ್ನು ನಿವೃತ್ತಿಯ ನಂತರವೂ ಬಿಡುವುದಿಲ್ಲವೆಂದು ಹೇಳಿದ್ದಾರೆ. ಆ ವರದಿಗಳಲ್ಲಿ ಓದಿ ಹೇಳುವಂಥದ್ದು ಅವರಿಗೆ ಇನ್ನೆಂದೂ ಸಿಗದಿರಲಿ ಎಂಬುದೇ ನಮ್ಮೆಲ್ಲರ ಹಾರೈಕೆ.